ಗುರುಗ್ರಹಕ್ಕೊಂದು ಚಾಲಕನಿಲ್ಲದ ಗಾಡಿ

ಫೆಬ್ರವರಿ 3, ಸೋಮವಾರ

ಡಾಕ್ಟರು ಬರೆಯಿರಿ ಎಂದಿದ್ದಾರೆ, ಬರೆಯುತ್ತಿದ್ದೇನೆ. ಯಾರಿಗೂ ತೋರಿಸಬೇಕಾಗಿಲ್ಲವಂತೆ, ಅವರಿಗೂ ಬೇಡವಂತೆ. ತೋರಿಸದಿದ್ದರೆ ಬರೆದೆನೋ ಇಲ್ಲವೋ ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. "ಗೊತ್ತಾಗೋದು ಬೇಡ. ನೀವು ಬರೀರಿ, ಅಷ್ಟೇ" ಎಂದರು. ರೈಲ್ವೆ ಆಸ್ಪತ್ರೆಯಲ್ಲಿ ಸಹಿ, ಮೊಹರು ಇಲ್ಲದೆ ನಡೆಯುವ ಕೆಲಸ ಇದೊಂದೇ ಇರಬೇಕು.

ಆದದ್ದನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಅದರ ಸುದ್ದಿ ಬೇಡ. ಬೆಳಗಿನ ಪ್ಯಾಸೆಂಜರ್ ಗಾಡಿ. ತಿರುವು ಮುಗಿದು ನೇರ ಹಳಿಗೆ ಬಂದಾಗ ಎದುರಿನ ಕಾಲುದಾರಿಯಲ್ಲಿ ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ಹಳಿ ದಾಟುತ್ತಿದ್ದ. ಹಾರ್ನ್ ಹೊಡೆದೆ, ಬ್ರೇಕ್ ಹಾಕಿದೆ. ಅವನು ದಾಟಿದ. ಸೈಕಲ್ ದಾಟಲಿಲ್ಲ, ಅದರ ಮುಂದಿನ ಚಕ್ರ ಹಳಿಯ ಪಕ್ಕದ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಆಚೆ ಹೋಗಿ ನಿಂತಿದ್ದವನು ಅದನ್ನು ಎಳೆಯಲು ವಾಪಸ್ ಬಂದ. ತುರ್ತು ಬ್ರೇಕ್ ಅಷ್ಟರಲ್ಲಾಗಲೇ ಪೂರ್ತಿ ಎಳೆದಾಗಿತ್ತು. ಜನ ತುಂಬಿದ ಗಾಡಿ, ಎಳೆದ ಕಡೆಯೇ ನಿಲ್ಲುವುದಿಲ್ಲ.

ವಿಚಾರಣೆ ನಡೆಯಿತು. ಚಾಲಕನ ತಪ್ಪೇನೂ ಇಲ್ಲ ಎಂದು ಬರೆದುಕೊಟ್ಟರು. ವೇಗ, ಬ್ರೇಕು ಎಲ್ಲ ದಾಖಲಿಸುವ ಇಂಜಿನ್ನಿನೊಳಗಿನ ಯಂತ್ರವೂ ಅದನ್ನೇ ಹೇಳಿತು. ಅದು ಆದ ದಿನ ಮನೆಗೆ ಬಂದು ಸ್ನಾನ ಮಾಡಿ ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ. ಅದನ್ನು ನೋಡಿಯೇ ನನ್ನ ಹೆಂಡತಿ ಹೆದರಿದ್ದು. ನನಗೇನೂ ಆಗಿಲ್ಲ.

ಏನೂ ಆಗಿಲ್ಲ ಎಂಬುದೇ ಈಗ ನನ್ನ ರೋಗವಂತೆ. "ಅತ್ತವರನ್ನ ಕೆಲಸಕ್ಕೆ ಕಳಿಸಿದೀನಿ, ಕೈ ನಡುಗಿದವರನ್ನ ಕಳಿಸಿದೀನಿ. ಏನೂ ಆಗಿಲ್ಲ ಅನ್ನೋರನ್ನ ಗಾಡಿ ಮೇಲೆ ಕೂರಿಸೋಕೆ ನನಗೆ ಧೈರ್ಯ ಬರಲ್ಲ" ಎಂದು ಡಾಕ್ಟರು ಸಹಿ ಹಾಕಲಿಲ್ಲ. ಮುಂದಿನ ಪರೀಕ್ಷೆ ಮಾರ್ಚ್ ಹತ್ತಕ್ಕೆ. ಅವತ್ತೂ ಸಹಿ ಸಿಗದಿದ್ದರೆ ಇಂಜಿನ್ ಶೆಡ್ಡಿನ ಆಫೀಸಿನಲ್ಲಿ ಒಂದು ಕುರ್ಚಿ ಕಾದಿದೆ, ನಿವೃತ್ತಿಯವರೆಗೂ ಅದೇ ಕುರ್ಚಿ. ಬೇರೆಯವರ ಹಾಜರಿ ಬರೆದುಕೊಂಡು ಕೂರಬೇಕು. ನನಗೆ ಗಾಡಿ ಓಡಿಸುವುದು ಬಿಟ್ಟು ಬೇರೇನೂ ಬರುವುದಿಲ್ಲ. ಆ ಸಹಿ ಬೇಕು.

ಫೆಬ್ರವರಿ 4, ಮಂಗಳವಾರ

ಬರೆಯುವಂಥದ್ದು ಏನೂ ಇಲ್ಲ. ಊಟ ಮಾಡಿದೆ, ಮಲಗಿದೆ.

ಫೆಬ್ರವರಿ 8, ಶನಿವಾರ

ನನ್ನ ಭಾವಮೈದುನ ಬಂದಿದ್ದ. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮದುವೆ ಮನೆಗೆ ಹೋದರೂ ಅವನ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್ ಇರುತ್ತದೆ. ಹಾಗಾಗಿ ಮನೆಯಲ್ಲೆಲ್ಲ ಅವನ ಹೆಸರು ಸ್ಕ್ರೂ. ಯಾರೋ ಬಿಟ್ಟುಹೋದ ಹಳೆಯ ಕಂಪ್ಯೂಟರೊಂದನ್ನು ಎತ್ತಿಕೊಂಡು ಬಂದು ನಡುಮನೆಯ ಮೂಲೆಯ ಮೇಜಿನ ಮೇಲೆ ಜೋಡಿಸಿದ. "ಹೊತ್ತು ಹೋಗುತ್ತೆ ಭಾವ" ಎಂದ. ಹಚ್ಚಿದರೆ ತೆರೆಯ ಮೇಲೆ ಬಂದದ್ದು ರೈಲು ಓಡಿಸುವ ಆಟ. ಹಳಿ, ಸಿಗ್ನಲ್, ಗೇಟು, ಎಲ್ಲ ಅಚ್ಚುಕಟ್ಟಾಗಿತ್ತು.

ಇವಳು ಅಡುಗೆಮನೆಯ ಬಾಗಿಲಿನಲ್ಲಿ ನಿಂತು ತಮ್ಮನನ್ನು ಒಂದು ನೋಟ ನೋಡಿದಳು. ಅವನಿಗೆ ಆಗ ಹೊಳೆಯಿತು. ಮುಖ ಸಪ್ಪಗಾಯಿತು. ತಡಬಡಿಸಿ ಅದನ್ನು ಅಳಿಸಿ ಇನ್ನೊಂದನ್ನು ತೆರೆದ. "ಇದು ಆಟ ಅಲ್ಲ ಭಾವ, ಸಿಮ್ಯುಲೇಟರ್. ರಾಕೆಟ್ ನೀವೇ ಜೋಡಿಸಬೇಕು, ನೀವೇ ಹಾರಿಸಬೇಕು. ಗ್ರಹಗಳೆಲ್ಲ ಅವುಗಳ ಪಾಡಿಗೆ ಸುತ್ತುತ್ತಾ ಇರ್ತವೆ. ಇದರಲ್ಲಿ ಹಳಿ ಇಲ್ಲ."

ಹಳಿ ಇಲ್ಲದ ಮೇಲೆ ದಾರಿ ಹೇಗೆ ತಿಳಿಯುತ್ತದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವನು ಹೋದ.

ಫೆಬ್ರವರಿ 9, ಭಾನುವಾರ

ಮೊದಲ ರಾಕೆಟ್ ನಿಂತಲ್ಲೇ ಮಗುಚಿಕೊಂಡಿತು. ಎರಡನೆಯದು ಎದ್ದು, ಹಿಂದೆ ತಿರುಗಿ, ಬಂದ ದಾರಿಯಲ್ಲೇ ಇಳಿಯಿತು. ಮೂರನೆಯದರ ಮೂತಿಯಲ್ಲಿ ಇಬ್ಬರು ಬೊಂಬೆ ಚಾಲಕರು ಕುಳಿತು ಗಾಜಿನೊಳಗಿಂದ ನಗುತ್ತಿದ್ದರು. ಅದು ಸಿಡಿದ ಮೇಲೂ ಅವರ ಚಿತ್ರ ಮೂಲೆಯಲ್ಲಿ ನಗುತ್ತಲೇ ಇತ್ತು. ಅವರನ್ನು ತೆಗೆದುಹಾಕಿದೆ. ಕ್ಯಾಬನ್ನೇ ತೆಗೆದೆ. ಅದರ ಜಾಗಕ್ಕೆ ಒಂದು ಪೆಟ್ಟಿಗೆ ಬರುತ್ತದೆ, ಹೇಳಿದ್ದನ್ನು ಮಾಡುವ ಯಂತ್ರ. ಶೋಧನೌಕೆ ಎನ್ನುತ್ತಾರೆ. ಅದು ಎಲ್ಲಿಂದಲೂ ವಾಪಸ್ ಬರಬೇಕಾಗಿಲ್ಲ.

ಎಲ್ಲಿಗೆ ಎಂದು ಸಿಮ್ಯುಲೇಟರ್ ಕೇಳಿತು. ಚಂದ್ರ ತೀರಾ ಹತ್ತಿರ. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಗುರು, ಅದಕ್ಕೂ ನಮಗೂ ನಡುವೆ ಅಷ್ಟು ದೂರವೂ ಬರೀ ಖಾಲಿ, ಏನೂ ಇಲ್ಲ. ಏನೂ ಇಲ್ಲದ್ದು ಹಿಡಿಸಿತು. ಗುರು ಎಂದು ಒತ್ತಿದೆ.

ಇವಳು ಬಂದು ನೋಡಿ, "ಎಲ್ಲಿಗ್ರೀ ಗಾಡಿ?" ಎಂದಳು. ಹೇಳಿದೆ. "ಅಲ್ಲೀವರೆಗೂ ಸ್ಟಾಪ್ ಇಲ್ವಾ?" ಎಂದಳು. ಇಲ್ಲ ಎಂದೆ.

ಫೆಬ್ರವರಿ 13, ಗುರುವಾರ

ನಾಲ್ಕು ದಿನದಿಂದ ಇದೇ ಕೆಲಸ. ಒಂದೊಂದೇ ಭಾಗ ಆರಿಸಿ ಜೋಡಿಸುವುದು. ಗುರುವಿನ ಹತ್ತಿರ ಬಿಸಿಲು ತೀರಾ ಕಡಿಮೆ, ಹಾಗಾಗಿ ಸೌರಫಲಕಗಳು ದೊಡ್ಡವು ಬೇಕು, ಹಾರುವಾಗ ಮುರಿಯದ ಹಾಗೆ ಮಡಚಿಕೊಳ್ಳಲೂ ಬೇಕು. ಅಷ್ಟು ದೂರದಿಂದ ಮಾತು ಕೇಳಿಸಲು ಛತ್ರಿಯಷ್ಟಗಲದ ಆಂಟೆನಾ. ಒಂದು ಕ್ಯಾಮೆರಾ. ಜೋಡಿಸಿದ ಮೇಲೆ ನೌಕೆಯನ್ನು ಸುತ್ತಲೂ ತಿರುಗಿಸಿ ನೋಡುತ್ತೇನೆ, ಡ್ಯೂಟಿಗೆ ಮೊದಲು ಇಂಜಿನ್ ಸುತ್ತ ಬಂದು ನೋಡುವ ಹಾಗೆ. ಕೈಯಲ್ಲಿ ಟಾರ್ಚ್ ಇಲ್ಲ ಎನ್ನುವುದೊಂದೇ ವ್ಯತ್ಯಾಸ.

ಬ್ರೇಕಿನ ವಿಷಯಕ್ಕೆ ಬಂದಾಗ ತಡವಾಯಿತು. ಅಲ್ಲಿ ಉಜ್ಜಲು ಚಕ್ರವೂ ಇಲ್ಲ, ಹಳಿಯೂ ಇಲ್ಲ. ನೌಕೆಯನ್ನು ಹಿಂದುಮುಂದಾಗಿ ತಿರುಗಿಸಿ, ಓಡುವ ದಿಕ್ಕಿಗೇ ಇಂಜಿನ್ ಉರಿಸಬೇಕು. ಉರಿಸದಿದ್ದರೆ ನೌಕೆ ಗುರುವನ್ನು ದಾಟಿ ಹೋಗಿಬಿಡುತ್ತದೆ, ಮತ್ತೆ ಸಿಗುವುದಿಲ್ಲ. ಸಿಮ್ಯುಲೇಟರ್ ಹೇಳಿದಷ್ಟು ಇಂಧನ ಇಟ್ಟೆ. ಸಾಲದೆನಿಸಿತು. ಇನ್ನೊಂದು ಟ್ಯಾಂಕ್ ಇಟ್ಟೆ. ಮತ್ತೊಂದು.

ಫೆಬ್ರವರಿ 17, ಸೋಮವಾರ

ಮೇಲೇಳುತ್ತಿಲ್ಲ. ಕೆಳಗಿನ ಇಂಜಿನ್ನುಗಳೆಲ್ಲ ಉರಿದು ಹೊಗೆ ಎದ್ದರೂ ನೌಕೆ ಕುಳಿತಲ್ಲೇ ಕುಳಿತಿದೆ.

ಸ್ಕ್ರೂ ನೋಡಲು ಬಂದವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾವ, ರಾಕೆಟ್‌ಗೆ ಬ್ರೇಕ್ ಇಡ್ತಾರೆ. ನೀವು ಬ್ರೇಕ್‌ಗೆ ರಾಕೆಟ್ ಕಟ್ಟಿದೀರಲ್ಲ!" ಮೇಲೆ ಒಂದು ಟ್ಯಾಂಕ್ ಇಟ್ಟರೆ ಅದನ್ನು ಹೊರಲು ಕೆಳಗೆ ಹತ್ತು ಬೇಕು, ಆ ಹತ್ತನ್ನು ಹೊರಲು ಅದರ ಕೆಳಗೆ ಇನ್ನಷ್ಟು. ಅದು ನನಗೆ ತಿಳಿಯದ್ದಲ್ಲ. "ಅರ್ಧ ತೆಗೆದುಬಿಡಿ, ಸಾಕಷ್ಟಾಗುತ್ತೆ" ಎಂದು ಇಲಿಯನ್ನು ಹಿಡಿಯಲು ಕೈ ಚಾಚಿದ. ಕಂಪ್ಯೂಟರಿನ ಇಲಿ. ನಾನು ಅವನ ಕೈ ತಳ್ಳಿದೆ. ಸ್ವಲ್ಪ ಜೋರಾಗಿಯೇ ತಳ್ಳಿದೆನೇನೋ, ಅವನು ಕೈ ಹಿಂದಕ್ಕೆಳೆದುಕೊಂಡ.

"ಸರಿ ಬಿಡಿ, ಬ್ರೇಕ್ ಇರಲಿ. ಕೆಳಗೆ ಇನ್ನಷ್ಟು ಇಂಜಿನ್ ಕಟ್ಟೋಣ" ಎಂದ. ಸಂಜೆಯವರೆಗೂ ಕುಳಿತು ಕಟ್ಟಿದೆವು. ಈಗ ಅದು ನೋಡಲು ನೀರಿನ ಟ್ಯಾಂಕಿನ ಮೇಲೆ ಕುಳಿತ ಗುಬ್ಬಿಯ ಹಾಗಿದೆ.

ಫೆಬ್ರವರಿ 22, ಶನಿವಾರ

ಮಾವ ಬಂದಿದ್ದ. ಅವನು ನನ್ನ ಮಾವನೂ ಅಲ್ಲ, ಯಾರ ಮಾವನೂ ಅಲ್ಲ. ನನ್ನ ಸಹಚಾಲಕ. ವಯಸ್ಸಾದರೂ ಚಾಲಕನ ಪರೀಕ್ಷೆಗೆ ಕೂರದೆ ಎಡಗಡೆಯ ಸೀಟಿನಲ್ಲೇ ಕಾಲ ಕಳೆದವನು, ಹಾಗಾಗಿ ಇಡೀ ಶೆಡ್ಡಿಗೆ ಮಾವ. ಅವತ್ತೂ ಎಡಗಡೆ ಕುಳಿತಿದ್ದ. ಅವನಿಗೆ ಸಹಿ ಬೇಗ ಸಿಕ್ಕಿತು. ಡಾಕ್ಟರ ಮೇಜಿಗೆ ತಲೆ ಇಟ್ಟು ಅತ್ತನಂತೆ. ಅವನೇ ಹೇಳಿಕೊಂಡ, ಸಂತೆಯಲ್ಲಿ ತರಕಾರಿ ಅಗ್ಗಕ್ಕೆ ಸಿಕ್ಕಿತು ಎಂದು ಹೇಳುವವನ ಹಾಗೆ.

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಅಭ್ಯಾಸ, ಎಡಗಡೆಯೇ ಕೂತ. ತೆರೆಯ ಮೇಲೆ ನೌಕೆ ಹಾರಲು ಸಿದ್ಧವಾಗಿ ನಿಂತಿತ್ತು. ಬಗ್ಗಿ ನೋಡಿದ. ಆಮೇಲೆ ಒಂದು ಹಸಿರು ದೀಪಕ್ಕೆ ಬೆರಳು ತೋರಿಸಿ, "ಇಂಧನ, ಹಸಿರು" ಎಂದ.

ನಮ್ಮಲ್ಲಿ ಅದು ಪದ್ಧತಿ. ಸಿಗ್ನಲ್ ಕಂಡರೆ ಒಬ್ಬ ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬ ಅದನ್ನೇ ತಿರುಗಿ ಹೇಳಬೇಕು. ಇಬ್ಬರ ಕಣ್ಣೂ ಒಂದೇ ಬಣ್ಣ ನೋಡಿವೆ ಎಂಬುದಕ್ಕೆ ಖಾತ್ರಿ. ನನ್ನ ಬಾಯಿಂದ ತಾನಾಗಿಯೇ "ಹಸಿರು" ಎಂದು ಬಂತು.

"ಆಂಟೆನಾ, ಹಸಿರು."

"ಹಸಿರು."

"ಇದೇನಿದು, ಬಾವುಟದ ಥರ ಮಡಚಿಕೊಂಡಿದೆಯಲ್ಲ?"

"ಸೌರಫಲಕ. ಮಡಚಿದೆ, ಹಸಿರು."

"ಹಸಿರು. ಬಿಡಪ್ಪಾ ಇನ್ನು, ಟೈಮ್ ಆಯ್ತು."

ಬಿಟ್ಟೆ. ಎದ್ದಿತು. ಮೊದಲ ಹಂತ ಕಳಚಿ ಬಿತ್ತು, ಎರಡನೆಯದು ಹೊತ್ತಿಕೊಂಡಿತು, ಆಕಾಶ ನೀಲಿಯಿಂದ ಕಪ್ಪಾಯಿತು. ಮಾವ ತೊಡೆ ತಟ್ಟಿ ಕೂಗಿದ. ಅಡುಗೆಮನೆಯಿಂದ ಇವಳು ಓಡಿಬಂದಳು, ಏನೋ ಬಿದ್ದಿರಬೇಕು ಎಂದುಕೊಂಡು. "ನಿಮ್ಮ ಧ್ವನಿ ಕೇಳಿ ಬಂದೆ" ಎಂದು ಆಮೇಲೆ ಹೇಳಿದಳು. ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ ನೆನಪಿಲ್ಲ.

ಹೋಗುವಾಗ ಮಾವ ಚಪ್ಪಲಿ ಹಾಕಿಕೊಳ್ಳುತ್ತಾ, "ಹೊಸ ಹುಡುಗನ ಜೊತೆ ಹಾಕಿದಾರೆ ನನ್ನ. ಸಿಗ್ನಲ್ ಕೂಗೋಕೆ ನಾಚ್ಕೊಳ್ತಾನೆ. ಮಂತ್ರ ಹೇಳೋ ಥರ ಗುಣುಗುಣು ಅಂತಾನೆ. ನೀನು ಬೇಗ ಬಾ" ಎಂದ.

ಹತ್ತನೇ ತಾರೀಕು ಎಂದೆ.

ಫೆಬ್ರವರಿ 26, ಬುಧವಾರ

ನೌಕೆ ಭೂಮಿಯನ್ನು ಬಿಟ್ಟು ಹೋಗುತ್ತಿದೆ. ನಿಜವಾದ ಹೊತ್ತಿನಲ್ಲಿ ತಲುಪಲು ವರ್ಷಗಟ್ಟಲೆ ಬೇಕು. ಅದಕ್ಕೊಂದು ಗುಂಡಿ ಇದೆ, ಒತ್ತಿದರೆ ಕಾಲ ದಡದಡ ಓಡುತ್ತದೆ. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಋತುಗಳೆಲ್ಲ ಒಂದು ಸುತ್ತು ಬಂದಿರುತ್ತವೆ. ಈ ಗುಂಡಿ ಮನೆಯಲ್ಲೂ ಇದ್ದಿದ್ದರೆ ಹತ್ತನೇ ತಾರೀಕಿಗೆ ಕಾಯಬೇಕಾಗಿರಲಿಲ್ಲ.

ಇವಳು ದಿನವೂ ಹೋಗುತ್ತಾ ಬರುತ್ತಾ "ಎಲ್ಲಿಗೆ ಬಂತು?" ಎಂದು ಕೇಳುತ್ತಾಳೆ, ತಡವಾದ ಗಾಡಿಯ ವಿಷಯ ಕೇಳುವ ಹಾಗೆ. ಮಂಗಳ ದಾಟಿತು ಎಂದೆ ಇವತ್ತು. "ಹಾಗಾದ್ರೆ ಅರ್ಧ ದಾರಿ ಆಯ್ತು" ಎಂದಳು. ಅರ್ಧವಲ್ಲ, ಅದರ ಮುಂದೆಯೇ ಹೆಚ್ಚು ದೂರ ಎಂದು ಬಿಡಿಸಿ ಹೇಳಿದೆ. ಬಟಾಣಿ ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡಳು. ಇಷ್ಟು ದಿನ ಅವಳಿಗೆ ಗ್ರಹಗಳ ಬಗ್ಗೆ ಆಸಕ್ತಿ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನದ ಊಟದಲ್ಲಿ ಉಪ್ಪು ಜಾಸ್ತಿ. ಹೇಳಿದೆ. ಸೌಟು ಹಿಡಿದುಕೊಂಡು ನಿಂತೇ ನಗತೊಡಗಿದಳು, ಕಣ್ಣು ಒರೆಸಿಕೊಂಡು ನಕ್ಕಳು. ಉಪ್ಪು ಹೆಚ್ಚಾದರೆ ನಗುವಂಥದ್ದೇನಿದೆ?

ಮಾರ್ಚ್ 2, ಭಾನುವಾರ

ತಲುಪಿತು.

ನಾನು ಗುರುವಿನ ತೀರಾ ಹತ್ತಿರಕ್ಕೆ ಹೋಗುವ ದಾರಿ ಇಟ್ಟಿರಲಿಲ್ಲ. ದೂರದಲ್ಲೇ, ಅದು ಒಂದು ಕಿತ್ತಳೆ ಬಣ್ಣದ ಗೋಲಿಯಷ್ಟು ಕಾಣುವಾಗಲೇ ನೌಕೆಯನ್ನು ಹಿಂದುಮುಂದು ಮಾಡಿದೆ. ಬ್ರೇಕ್ ಹಾಕಿದೆ. ತಾನು ಬಂದ ಮೇಲೆ ಹಾಕೋಣ ಎಂದು ಸ್ಕ್ರೂ ಹೇಳಿದ್ದ, ಅವನಿಗಾಗಿ ಕಾಯಲಿಲ್ಲ. ಎಷ್ಟು ಹೊತ್ತು ಉರಿಸಬೇಕೆಂದು ಸಿಮ್ಯುಲೇಟರ್ ಹೇಳಿತ್ತು. ಅಲ್ಲಿಗೆ ನಿಲ್ಲಿಸಲು ಮನಸ್ಸು ಬರಲಿಲ್ಲ. ವೇಗ ಇಳಿಯುತ್ತಾ ಹೋಯಿತು, ನಾನು ಕೈ ತೆಗೆಯಲಿಲ್ಲ. ಇಂಧನ ಮುಗಿಯುವವರೆಗೂ ಉರಿಸಿದೆ. ವೇಗದ ಮುಳ್ಳು ಸೊನ್ನೆಯ ಹತ್ತಿರ ಬಂದು ಕುಳಿತಿತು.

ನಿಂತಿತು. ಎದುರಿಗೆ ಯಾರೂ ಇಲ್ಲ. ಎಷ್ಟೋ ದಿನಗಳ ಮೇಲೆ ಮೈ ಸಡಿಲವಾಯಿತು. ಕುರ್ಚಿಯಲ್ಲೇ ನಿದ್ದೆ ಹೋದೆ.

ಮಾರ್ಚ್ 3, ಸೋಮವಾರ

ನೌಕೆ ಬೀಳುತ್ತಿದೆ.

ಬೆಳಿಗ್ಗೆ ನೋಡಿದಾಗ ಅದು ನಾನು ನಿಲ್ಲಿಸಿದ ಜಾಗದಲ್ಲಿ ಇರಲಿಲ್ಲ. ದಾರಿಯ ಗೆರೆ ನೆಟ್ಟಗೆ ಗುರುವಿನ ಹೊಟ್ಟೆಗೆ ಹೋಗಿ ಮುಟ್ಟಿತ್ತು. ಸ್ಕ್ರೂಗೆ ಫೋನ್ ಮಾಡಿದೆ. ಅಂಗಡಿಗೆ ಬೀಗ ಹಾಕಿ ಬಂದ. ನೋಡಿ, ತಲೆ ಕೆರೆದುಕೊಂಡು, ಈ ಸಲ ನಗದೆ ಹೇಳಿದ: "ನಿಲ್ಲಿಸಿಬಿಟ್ಟಿದೀರಿ ಭಾವ. ಅಲ್ಲಿ ನಿಲ್ಲೋ ಹಾಗಿಲ್ಲ. ಓಡ್ತಾ ಇರೋದಕ್ಕೇ ಅದು ಬೀಳದೆ ಸುತ್ತುತ್ತಾ ಇರುತ್ತೆ. ನಿಂತರೆ ಬಿತ್ತು ಅಂತಲೇ ಲೆಕ್ಕ."

ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ಕಲಿತದ್ದು ಒಂದೇ ಮಾತು. ಏನೇ ಆಗಲಿ, ಅನುಮಾನ ಬಂದರೆ ಮೊದಲು ನಿಲ್ಲಿಸು. ನಿಂತ ಗಾಡಿ ಯಾರನ್ನೂ ಕೊಲ್ಲುವುದಿಲ್ಲ. ಹಳಿಯ ಮೇಲೆ ಅದು ನಿಜ. ಬೇರೆ ಯಾವ ಕೆಲಸದವನಾಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ.

"ಚಿಂತೆ ಇಲ್ಲ, ಸೇವ್ ಆಗಿರುತ್ತೆ. ಬ್ರೇಕ್ ಹಾಕೋ ಮೊದಲಿನ ಜಾಗಕ್ಕೆ ವಾಪಸ್ ಹೋಗೋಣ, ಇದು ಆಗೇ ಇಲ್ಲ ಅನ್ನೋ ಹಾಗೆ" ಎಂದ.

ಬೇಡ ಎಂದೆ. ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಬೇಡ ಎಂದಷ್ಟೇ ಗೊತ್ತಿತ್ತು. ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದ, ಅವನು ಹೊರಟ.

ಗುರು ತೆರೆಯ ಅರ್ಧ ತುಂಬುವವರೆಗೆ ಕಾಲವನ್ನು ಓಡಿಸಿದೆ. ಆಮೇಲೆ ಗುಂಡಿ ಬಿಟ್ಟು ಮಾಮೂಲಿ ಹೊತ್ತಿಗೆ ತಂದೆ. ಪಟ್ಟೆ ಪಟ್ಟೆ ಮೋಡಗಳು, ಕೆನೆ ಬಣ್ಣ, ಇಟ್ಟಿಗೆ ಬಣ್ಣ. ಎಲ್ಲವೂ ನಿಧಾನವಾಗಿ ದೊಡ್ಡದಾಗುತ್ತಿದ್ದವು. ಆಂಟೆನಾ ಹಸಿರು, ಕ್ಯಾಮೆರಾ ಹಸಿರು, ಎಲ್ಲ ಸರಿಯಾಗಿತ್ತು. ಇಂಧನ ಮಾತ್ರ ಇರಲಿಲ್ಲ. ಮಾಡುವುದಕ್ಕೆ ಏನೂ ಇರಲಿಲ್ಲ. ಬಲಗೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು.

ಇವಳು ಬಂದು ಮಾವ ಕುಳಿತಿದ್ದ ಕುರ್ಚಿಯಲ್ಲಿ ಕುಳಿತಳು. "ಎಲ್ಲಿಗೆ ಬಂತು?" ಎಂದಳು.

"ಬೀಳ್ತಾ ಇದೆ" ಎಂದೆ.

"ಏನೂ ಮಾಡೋಕಾಗಲ್ವಾ?"

"ಇಲ್ಲ. ಬ್ರೇಕ್ ಪೂರ್ತಿ ಎಳೆದ ಮೇಲೆ ಮಾಡೋಕೆ ಏನೂ ಇರಲ್ಲ. ನೋಡ್ತಾ ಕೂರಬೇಕು."

ನಾನು ತೆರೆಯನ್ನೇ ನೋಡುತ್ತಾ ಮಾತಾಡಿದೆ. ನಿಲ್ಲಿಸಬೇಕೆಂದುಕೊಂಡರೂ ಆಗಲಿಲ್ಲ. "ಬ್ರೇಕ್ ಎಳೆದ ಮೇಲೂ ಬಹಳ ಹೊತ್ತಿತ್ತು ಕಣೇ. ಎಲ್ಲರೂ ಕ್ಷಣದಲ್ಲಿ ಆಗೋಯ್ತು ಅಂತಾರೆ. ಕ್ಷಣ ಅಲ್ಲ. ಬಹಳ ಹೊತ್ತಿತ್ತು. ಹಾರ್ನ್ ಮೇಲೆ ಕೈ ಒತ್ತಿಕೊಂಡೇ ಇದ್ದೆ. ಅವನು ನನ್ನ ಕಡೆ ನೋಡಲೇ ಇಲ್ಲ, ಚಕ್ರ ನೋಡ್ತಾ ಇದ್ದ. ಕೊರಳಲ್ಲಿ ಅಳತೆ ಟೇಪ್ ಇತ್ತು. ಹಳದಿ. ಬಗ್ಗಿದಾಗ ಜೋತು ಬಿದ್ದು ಅಡ್ಡ ಬರ್ತಾ ಇತ್ತು, ಅದನ್ನ ತೆಗೆದು ಬೆನ್ನ ಹಿಂದಕ್ಕೆ ಹಾಕ್ಕೊಂಡ. ಅಷ್ಟು ಹೊತ್ತಿತ್ತು. ಟೇಪ್ ಸರಿ ಮಾಡ್ಕೊಳ್ಳೋ ಅಷ್ಟು."

"ದರ್ಜಿ ಅಂತ ಪೇಪರ್‌ನಲ್ಲಿ ಬಂದಿತ್ತು" ಎಂದಳು. ನನಗೆ ತೋರಿಸದೆ ಆ ಪೇಪರನ್ನು ಬಚ್ಚಿಟ್ಟಿದ್ದಳಂತೆ.

"ಸೈಕಲ್ ಬಿಟ್ಟು ಹೋಗಬಹುದಿತ್ತಲ್ಲ" ಎಂದೆ.

"ಹೌದು, ಬಿಟ್ಟು ಹೋಗಬಹುದಿತ್ತು."

"ಯಾಕೆ ಬಿಡಲಿಲ್ಲ?"

ಅವಳು ನನ್ನ ಬಲಗೈಯನ್ನು ಮೇಜಿನಿಂದ ಬಿಡಿಸಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಬೆರಳುಗಳು ಬೆಳ್ಳಗಾಗಿದ್ದವು. ತೆರೆಯಲ್ಲಿ ಮೋಡ ತುಂಬಿತು, ಕೆಂಪಾಯಿತು, ಆಮೇಲೆ ಚಿತ್ರ ಬರುವುದು ನಿಂತಿತು. ಸಂಪರ್ಕ ಕಡಿದಿದೆ ಎಂದು ಬರೆದು ತೋರಿಸಿತು. ಕಂಪ್ಯೂಟರ್ ಆರಿಸಿದವಳು ಇವಳು.

ಮಾರ್ಚ್ 5, ಬುಧವಾರ

ಮೈ ಬಿಸಿ ಇದೆ. ಜ್ವರವಿಲ್ಲ ಎಂದಳು. ಎಲ್ಲದಕ್ಕೂ ರೇಗುತ್ತಿದೆ. ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆದದ್ದಕ್ಕೆ ಹೋಗಿ ಜಗಳ ಮಾಡಿಬಂದೆ. ಅವರದೇ ಗೋಡೆ. ಆ ಮುದುಕನ ಮೇಲೂ ಸಿಟ್ಟು ಬರುತ್ತಿದೆ. ಸತ್ತವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಂಥ ನಾಚಿಕೆಗೇಡು. ಆದರೂ ಬರುತ್ತಿದೆ. ನಾನು ಹಾರ್ನ್ ಹೊಡೆದಿದ್ದೆನಲ್ಲ, ಮಾರಿಯಂಥ ಹಾರ್ನ್, ಮೈಲಿ ದೂರಕ್ಕೆ ಕೇಳಿಸುತ್ತದೆ.

ಇವಳು ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡಿದ್ದಾಳೆ. ಯಾವಾಗ ಎಂದು ಕೇಳಿದೆ. ಜನವರಿಯಲ್ಲಿ ಎಂದಳು.

ಮಾರ್ಚ್ 8, ಶನಿವಾರ

ಹೊಸ ನೌಕೆ. ಎರಡು ದಿನ ಕುಳಿತು ಕಟ್ಟಿದೆ. ಬ್ರೇಕಿಗೆ ಒಂದೇ ಟ್ಯಾಂಕ್. ಗುರುವನ್ನು ಬಿಟ್ಟು ಓಡಿಹೋಗದಷ್ಟು, ಅಷ್ಟೇ. ನಿಲ್ಲಿಸುವುದಕ್ಕಲ್ಲ. ಉಳಿದ ತೂಕಕ್ಕೆ ಇನ್ನೊಂದು ಕ್ಯಾಮೆರಾ ಹಾಕಿದೆ. ಸ್ಕ್ರೂ ಬಂದು ನೋಡಿ, "ಈಗ ಇದು ರಾಕೆಟ್ ಥರ ಕಾಣುತ್ತೆ" ಎಂದ. ಅವತ್ತು ಕೈ ತಳ್ಳಿದ್ದಕ್ಕೆ ಏನಾದರೂ ಅನ್ನಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಎರಡನೇ ಸಲ ಕಾಫಿ ಬೇಕಾ ಎಂದು ಕೇಳಿದೆ. ಕುಡಿದ.

ಹಾರಿಸಿದೆ. ಹೋಗುತ್ತಿದೆ. ಕಾಲದ ಗುಂಡಿ ಒತ್ತಿಲ್ಲ, ಅದರ ಹೊತ್ತಿಗೆ ಅದು ಹೋಗಲಿ.

ಮಾರ್ಚ್ 10, ಸೋಮವಾರ

ಡಾಕ್ಟರು ಹೇಗಿದ್ದೀರಿ ಎಂದು ಕೇಳಿದರು. ಚೆನ್ನಾಗಿದ್ದೇನೆ ಎನ್ನಲು ಬಸ್ಸಿನಲ್ಲಿ ಬರುವಾಗಲೇ ಅಭ್ಯಾಸ ಮಾಡಿಕೊಂಡಿದ್ದೆ. ಆಸ್ಪತ್ರೆಯ ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು. ಹೇಳಿಕೊಂಡು ಬಂದದ್ದು ಮರೆತೇ ಹೋಯಿತು.

"ಭಯ ಆಗ್ತಿದೆ ಡಾಕ್ಟ್ರೇ" ಎಂದೆ.

"ಯಾವಾಗಿನಿಂದ?"

"ಈಗ ಒಂದು ವಾರದಿಂದ. ಮೊದಲು ಇರಲಿಲ್ಲ. ಮೊದಲೇ ಚೆನ್ನಾಗಿತ್ತು."

ಪೆನ್ನು ಎತ್ತಿಕೊಂಡರು. ಆಫೀಸಿನ ಕುರ್ಚಿಯೇ ಗತಿ ಎಂದುಕೊಂಡೆ. ಅವರು ಬರೆದದ್ದು ಬೇರೆ: ಬುಧವಾರ ಶೆಡ್ಡಿಗೆ ಹೋಗಬೇಕು, ನಿಂತಿರುವ ಇಂಜಿನ್ನಿನಲ್ಲಿ ಚಾಲಕನ ಸೀಟಿನಲ್ಲಿ ಕೂರಬೇಕು. ಜೊತೆಗೆ ಒಬ್ಬರು ಇರಬೇಕು. ಓಡಿಸುವ ಹಾಗಿಲ್ಲ. ಏನಾಯಿತು ಎಂದು ಗುರುವಾರ ಬಂದು ಹೇಳಬೇಕು. "ಇಳಿದು ಓಡಿಹೋದರೆ?" ಎಂದೆ. "ಓಡಿಹೋದೆ ಅಂತ ಬಂದು ಹೇಳಿ" ಎಂದರು.

ಮಾರ್ಚ್ 12, ಬುಧವಾರ

ಶೆಡ್ಡಿನ ಕೊನೆಯ ಹಳಿಯಲ್ಲಿ ತೊಳೆದು ನಿಲ್ಲಿಸಿದ್ದ ಇಂಜಿನ್. ಮಾವ ರಜೆ ಹಾಕಿ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಸುತ್ತ ಹತ್ತಾರು ಮಂದಿ ಕೆಲಸ ಮಾಡುತ್ತಿದ್ದರು. ನಾನು ಬಂದದ್ದನ್ನು ಎಲ್ಲರೂ ನೋಡಿದರು, ನೋಡಲೇ ಇಲ್ಲ ಎನ್ನುವ ಹಾಗೆ ಮತ್ತೆ ಬಗ್ಗಿದರು. ಏಣಿ ಹತ್ತಿದೆ. ಒಳಗೆ ಅದೇ ವಾಸನೆ, ಎಣ್ಣೆ, ರಬ್ಬರು, ಯಾರದೋ ಊಟದ ಡಬ್ಬಿ. ಸೀಟನ್ನು ಯಾರೋ ಉದ್ದ ಕಾಲಿನವನು ಹಿಂದಕ್ಕೆ ತಳ್ಳಿದ್ದ. ಮುಂದಕ್ಕೆ ಎಳೆದುಕೊಂಡು ಕುಳಿತೆ.

ಗಾಜಿನಾಚೆ ಹಳಿ ಶೆಡ್ಡಿನ ಗೋಡೆಯವರೆಗೆ ಮಾತ್ರ ಇತ್ತು. ಹಳಿಯ ಮೇಲೆ ಯಾರೂ ಇರಲಿಲ್ಲ. ಬ್ರೇಕ್ ಹಿಡಿಯ ಮೇಲೆ ಕೈ ಇಟ್ಟೆ.

ಅಷ್ಟೇ. ಕೈ ಇಟ್ಟದ್ದಷ್ಟೇ ನೆನಪು. ಹೊಟ್ಟೆಯ ತಳದಿಂದ ಒಂದು ಶಬ್ದ ಎದ್ದು ಬಂತು, ಅದು ನನ್ನದೇ ಎಂದು ತಿಳಿಯಲು ಹೊತ್ತು ಹಿಡಿಯಿತು. ನಾನು ಹಾಗೆ ಅತ್ತವನಲ್ಲ, ಅಪ್ಪ ಹೋದಾಗಲೂ ಅತ್ತಿರಲಿಲ್ಲ. ಹೊರಗೆ ಸುತ್ತಿಗೆಯ ಸದ್ದು ನಿಂತಿತು. ಕೆಲಸದವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಯಿತು, ಬಾಯಿಗೆ ತೋಳು ಅಡ್ಡ ಇಟ್ಟುಕೊಂಡೆ, ನಿಲ್ಲಲಿಲ್ಲ.

ಮಾವ ನನ್ನನ್ನು ಮುಟ್ಟಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎದ್ದು ಕಂಪ್ರೆಸರಿನ ಗುಂಡಿ ಒತ್ತಿದ. ಬ್ರೇಕಿಗೆ ಗಾಳಿ ತುಂಬುವ ಯಂತ್ರ ಅದು, ಹೊರಟರೆ ಪಕ್ಕದಲ್ಲಿ ನಿಂತವನ ಮಾತೂ ಕೇಳಿಸುವುದಿಲ್ಲ. ಇಡೀ ಶೆಡ್ಡು ಗಡಗಡ ಎಂದಿತು. ನಾನು ಬಾಯಿಂದ ತೋಳು ತೆಗೆದೆ.

ಟ್ಯಾಂಕಿನಲ್ಲಿ ಗಾಳಿ ಪೂರ್ತಿಯಾದರೆ ಕಂಪ್ರೆಸರ್ ತಾನಾಗಿಯೇ ನಿಲ್ಲುತ್ತದೆ. ನಿಂತಿತು. ಮೌನದಲ್ಲಿ ನನ್ನ ಅಳು ಮಾತ್ರ ಉಳಿಯಿತು. ಮಾವ ಕೆಳಗೆ ಬಗ್ಗಿ ನಲ್ಲಿ ತಿರುಗಿಸಿ, ತುಂಬಿದ್ದ ಗಾಳಿಯನ್ನೆಲ್ಲ ಹೊರಗೆ ಬಿಟ್ಟ. ಒತ್ತಡದ ಮುಳ್ಳು ಕೆಳಗಿಳಿಯಿತು, ಯಂತ್ರ ಮತ್ತೆ ಹೊರಟಿತು. ಮತ್ತೆ ತುಂಬಿ ನಿಂತಿತು, ಮತ್ತೆ ಬಿಟ್ಟ. ಎಡಗಡೆಯ ಸೀಟಿನಲ್ಲಿ ಕುಳಿತು ಮುಳ್ಳನ್ನೇ ನೋಡುತ್ತಾ, ನಿಲ್ಲುವ ಮೊದಲೇ ಬಗ್ಗಿ ನಲ್ಲಿ ಹಿಡಿದುಕೊಳ್ಳುತ್ತಿದ್ದ. ಅವನ ಇಸ್ತ್ರಿ ಅಂಗಿಯ ತೋಳಿಗೆಲ್ಲ ಮಸಿ.

ಎಷ್ಟೋ ಹೊತ್ತಿನ ಮೇಲೆ ಅವನು ಮತ್ತೆ ಬಗ್ಗಿದಾಗ, "ಸಾಕು ಮಾವ, ಗಾಳಿ ಇರಲಿ" ಎಂದೆ.